ಸಮಾಧಿಯ ಮೇಲಿನ ಹೈಡ್ರಾಂಜಿಯ

ಮಡಿಕೇರಿಯ ಕ್ರೈಸ್ತ ಸ್ಮಶಾನವೊಂದರಲ್ಲಿ ನನ್ನ ಹಿರಿಯ ಮಿತ್ರರೊಬ್ಬರ ಪತ್ನಿಯ ಸಮಾಧಿಯಿದೆ. ಅಮೃತಶಿಲೆಯ ಹಾಸು ಬೇಡ, ಮನೆಯಂಗಳದ ಹೈಡ್ರಾಂಜಿಯದ ಒಂದು ಕಡ್ಡಿ ನೆಟ್ಟರೆ ಸಾಕು ಎಂದು ಆಕೆ ಮೊದಲೇ ಹೇಳಿಟ್ಟಿದ್ದರು. ಮಿತ್ರರು ಹಾಗೆಯೇ ಮಾಡಿದರು. ವಯಸ್ಸಾಗಿ ಅವರು ಮಗನ ಜೊತೆ ಮೈಸೂರಿಗೆ ಹೋಗಿ ನೆಲೆಸಿದ ಮೇಲೆ ಗಿಡದ ಆರೈಕೆ ನನ್ನ ಪಾಲಿಗೆ ಬಂತು.

ನಾನೋ ತೋಟಗಾರಿಕೆ ಅರಿಯದವನು. ಮೊದಲ ವರ್ಷದ ಡಿಸೆಂಬರಿನಲ್ಲಿ, ಗುಲಾಬಿಗೆ ಮಾಡುವುದನ್ನು ಕಂಡಿದ್ದೆನಾಗಿ, ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಹಾಕಿದೆ. ಮಳೆಗಾಲಕ್ಕೆ ಎಲೆಯೇನೋ ಸೊಂಪಾಗಿ ಬಂತು. ಹೂವು ಮಾತ್ರ ಒಂದೂ ಇಲ್ಲ. ಈ ಗಿಡ ಹಿಂದಿನ ವರ್ಷದ ಕಡ್ಡಿಯಲ್ಲೇ ಮುಂದಿನ ವರ್ಷದ ಮೊಗ್ಗನ್ನು ಅಡಗಿಸಿಟ್ಟುಕೊಳ್ಳುತ್ತದೆ. ಹೂ ಬಾಡಿದೊಡನೆ ತುಸು ಸವರಬೇಕೇ ಹೊರತು ಚಳಿಗಾಲದಲ್ಲಿ ಕತ್ತರಿ ಮುಟ್ಟಿಸಬಾರದು. ಮಿತ್ರರಿಗೆ ಏನೆಂದು ಬರೆಯಲಿ? ತಪ್ಪಿತಸ್ಥನಂತೆ ಪುಸ್ತಕಗಳನ್ನು ತೆರೆದು ಕುಳಿತಾಗ ಈ ಗಿಡದ ಹಳೆಯ ಹೆಸರೊಂದು ಕಣ್ಣಿಗೆ ಬಿತ್ತು: ಹೈಡ್ರಾಂಜಿಯ ಓತಾಕ್ಸ.

1823ರಲ್ಲಿ ಸೀಬೋಲ್ಟ್ ಎಂಬ ಜರ್ಮನ್ ವೈದ್ಯ ಡಚ್ಚರ ಸೇವೆಯಲ್ಲಿ ಜಪಾನಿನ ನಾಗಸಾಕಿಗೆ ಬಂದಿಳಿದ. ಜಪಾನು ಪರದೇಶಗಳಿಗೆ ಬಾಗಿಲು ಮುಚ್ಚಿದ್ದ ಕಾಲ ಅದು. ಡಚ್ಚರಿಗೆ ಇದ್ದದ್ದು ಬಂದರಿನಲ್ಲಿ ಬೀಸಣಿಗೆಯ ಆಕಾರದಲ್ಲಿ ಕಟ್ಟಿದ್ದ ದೇಜಿಮಾ ಎಂಬ ಪುಟ್ಟ ಕೃತಕ ದ್ವೀಪ ಮಾತ್ರ. ಹೆಂಗಸರಲ್ಲಿ ಅಲ್ಲಿಗೆ ಹೋಗಲು ಅಪ್ಪಣೆಯಿದ್ದದ್ದು ಗಣಿಕೆಯರಿಗೆ. ಕುಸುಮೊತೊ ತಾಕಿ ಎಂಬ ತರುಣಿ ಸೋನೋಗಿ ಎಂಬ ಗಣಿಕಾನಾಮದಲ್ಲಿ ಅಲ್ಲಿಗೆ ಹೋಗಿ ಸೀಬೋಲ್ಟನ ಸಂಗಾತಿಯಾದಳು. 1827ರಲ್ಲಿ ಇನೆ ಎಂಬ ಮಗಳು ಹುಟ್ಟಿದಳು. ಮರುವರ್ಷ ಅವನ ಬಳಿ ಜಪಾನಿನ ನಕಾಶೆಗಳಿರುವುದು ಬಯಲಾಯಿತು. ಅವನ್ನು ಕೊಟ್ಟಿದ್ದ ಆಸ್ಥಾನದ ಖಗೋಳಜ್ಞ ತಾಕಾಹಾಶಿ ಕಾಗೆಯಾಸು ಸೆರೆಮನೆಯಲ್ಲೇ ಸತ್ತ. ಸೀಬೋಲ್ಟ್ 1829ರ ಕೊನೆಗೆ ಗಡೀಪಾರಾದ. ತಾಯಿ ಮಗಳು ನಾಗಸಾಕಿಯಲ್ಲೇ ಉಳಿದರು.

ಯುರೋಪಿಗೆ ಮರಳಿದವನು ಜುಕ್ಕಾರಿನಿ ಎಂಬ ಸಸ್ಯವಿಜ್ಞಾನಿಯೊಡನೆ ಜಪಾನಿನ ಸಸ್ಯಸಂಪತ್ತಿನ ಬೃಹದ್ಗ್ರಂಥವನ್ನು 1835ರಿಂದ ಭಾಗಭಾಗವಾಗಿ ಹೊರತಂದ. ಅದರಲ್ಲಿ ಒಂದು ಹೈಡ್ರಾಂಜಿಯಕ್ಕೆ ಓತಾಕ್ಸ ಎಂದು ಹೆಸರಿಟ್ಟ. ಅದು ಜಪಾನೀಯರೇ ಕರೆಯುವ ಹೆಸರು ಎಂಬಂತೆ ಬರೆದ. ಜಪಾನೀಯರು ಆ ಹೂವನ್ನು ಕರೆಯುವುದು ಅಜಿಸಾಯಿ ಎಂದು. ಇಂಥ ಹೆಸರು ನಮ್ಮಲ್ಲಿಲ್ಲವಲ್ಲ ಎಂದು ಮುಂದೆ ತಲೆ ಕೆಡಿಸಿಕೊಂಡವರು ಸಸ್ಯವಿಜ್ಞಾನಿ ಮಾಕಿನೊ ತೋಮಿತಾರೊ. ಓತಾಕ್ಸ ಎಂದರೆ 'ಓ-ತಾಕಿ-ಸಾನ್', ತಾಕಿಯನ್ನು ಮರ್ಯಾದೆಯಿಂದ ಕರೆವ ರೂಪ, ಎಂದು ಕಂಡುಕೊಂಡು ಅವರು ಸಿಡಿಮಿಡಿಗೊಂಡರು. ಗಣಿಕೆಯ ಹೆಸರು ಹೂವಿಗೇ ಎಂದು! ನನಗೆ ಆ ಕೋಪ ಸರಿಯೆನಿಸುವುದಿಲ್ಲ. ಆದರೆ ಇದನ್ನು ಅಮರಪ್ರೇಮವೆಂದು ಹಾಡುವವರ ಮಾತನ್ನೂ ಪೂರ್ತಿ ಒಪ್ಪಲಾರೆ. ಹೆಸರಿಟ್ಟವನು ಅದು ಯಾರ ಹೆಸರೆಂದು ಬಾಯಿಬಿಡಲಿಲ್ಲ. ಮುಂದೆ ಅವನೂ ಬೇರೆ ಮದುವೆಯಾದ, ಅವಳೂ ಆದಳು. 1859ರಲ್ಲಿ ನಿಷೇಧ ತೆರವಾಗಿ ಅವನು ಮರಳಿ ಬಂದಾಗ ಕಂಡ ಮಗಳು ವೈದ್ಯ ಕಲಿತ ಮೂವತ್ತೆರಡರ ಹೆಂಗಸು.

ಅವನು 1866ರಲ್ಲಿ ತೀರಿಕೊಂಡ. ಮ್ಯೂನಿಕ್ಕಿನ ಹಳೆಯ ದಕ್ಷಿಣ ಸ್ಮಶಾನದಲ್ಲಿ ಬೌದ್ಧ ಪಗೋಡದ ಆಕಾರದ ಸಮಾಧಿ ಅವನದು. ತಾಕಿ 1869ರಲ್ಲಿ ನಾಗಸಾಕಿಯಲ್ಲಿ ತೀರಿಕೊಂಡಳು. ಹೂವಿನ ಹೆಸರೂ ಶಾಸ್ತ್ರದಲ್ಲಿ ನಿಲ್ಲಲಿಲ್ಲ. 1784ರಲ್ಲೇ ಥುನ್‌ಬರ್ಗ್ ಆ ಜಾತಿಯ ಗಿಡಕ್ಕೆ 'ದೊಡ್ಡೆಲೆಯದು' ಎಂಬರ್ಥದ ಹೆಸರು ಕೊಟ್ಟಿದ್ದ. ಮೊದಲಿಟ್ಟ ಹೆಸರೇ ಊರ್ಜಿತವೆಂಬುದು ಸಸ್ಯಶಾಸ್ತ್ರದ ಕಟ್ಟಳೆ. ನಾಗಸಾಕಿಯ ಜನ ಮಾತ್ರ ಓತಾಕ್ಸವನ್ನು ಮರೆತಿಲ್ಲ. ಹೈಡ್ರಾಂಜಿಯವೇ ಅವರ ನಗರಪುಷ್ಪ.

ಎರಡನೆಯ ವರ್ಷ ಕತ್ತರಿ ಮುಟ್ಟಲಿಲ್ಲ. ಬೇಸಿಗೆಯಲ್ಲಿ ನೀರು ತಪ್ಪಿಸಲಿಲ್ಲ. ಮಳೆ ಹಿಡಿದ ಮೇಲೆ ಸಮಾಧಿಯ ತುಂಬ ನೀಲಿಯ ಗೊಂಚಲು. ಸುದ್ದಿ ಹೇಳಲು ಮೈಸೂರಿಗೆ ಹೋದೆ. ಮಿತ್ರರ ಮನೆಯ ಕುಂಡದಲ್ಲಿ ಅದೇ ಗಿಡದ ಕಡ್ಡಿ ಬೆಳೆದು ಹೂಬಿಟ್ಟಿತ್ತು, ತಿಳಿಗೆಂಪಾಗಿ. "ಇದು ಅವಳದಲ್ಲ" ಎಂದು ಮಿತ್ರರು ಮುಖ ತಿರುಗಿಸಿದರು. ಗಿಡ ಒಂದೇ, ಮಣ್ಣು ಬೇರೆ ಎಂದೆ. ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ದಕ್ಕುತ್ತದೆ, ಹೂ ನೀಲಿಯಾಗುತ್ತದೆ. ಸುಣ್ಣದಂಶ ಹೆಚ್ಚಿದಲ್ಲಿ ದಕ್ಕುವುದಿಲ್ಲ, ಹೂ ಕೆಂಪೇರುತ್ತದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಮುಂದಿನ ಸಲ ಬರುವಾಗ ಅಲ್ಲಿಯ ಮಣ್ಣನ್ನು ತರಲಾದೀತೇ ಎಂದು ಕೇಳಿದರು.

ಮಳೆ ನಿಂತ ಮೇಲೆ ಅರ್ಧ ಚೀಲ ತುಂಬಿಕೊಂಡು ಬಸ್ಸು ಹತ್ತಿದೆ. ಚೀಲದಲ್ಲೇನೆಂದು ಕಂಡಕ್ಟರು ಕೇಳಿದ. ಗಿಡದ ಮಣ್ಣು ಎಂದೆ.