ನಾಸ್ತಿಕವಾದಕ್ಕೆ ಧರ್ಮಸಭೆಯ ಉತ್ತರ

ದೇವರಿಲ್ಲ ಎನ್ನುವವರಿಗೆ ಕ್ರೈಸ್ತರ ಉತ್ತರವೇನು? ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ 'ಗೌದಿಯುಂ ಎತ್ ಸ್ಪೆಸ್' ದಾಖಲೆಯ 19ರಿಂದ 21ನೇ ಪರಿಚ್ಛೇದಗಳು ಇದನ್ನೇ ಚರ್ಚಿಸುತ್ತವೆ.

ಕಾರಣಗಳು: ನಾಸ್ತಿಕರೆಲ್ಲರೂ ಒಂದೇ ಬಗೆಯವರಲ್ಲ. ಕೆಲವರು ದೇವರನ್ನು ನೇರವಾಗಿ ನಿರಾಕರಿಸುತ್ತಾರೆ. ಕೆಲವರು ದೇವರ ಬಗ್ಗೆ ಏನನ್ನೂ ಹೇಳಲಾಗದು ಎನ್ನುತ್ತಾರೆ. ಕೆಲವರು ಲೋಕದ ಕೆಡುಕನ್ನು ಕಂಡು ಪ್ರತಿಭಟಿಸುತ್ತಾರೆ. ಇದರಲ್ಲಿ ವಿಶ್ವಾಸಿಗಳ ಪಾಲೂ ಇದೆ ಎಂದು ಮಹಾಸಭೆ ಒಪ್ಪಿಕೊಂಡಿತು. ವಿಶ್ವಾಸದ ಶಿಕ್ಷಣದಲ್ಲಿ ಅಸಡ್ಡೆ, ತಪ್ಪು ಬೋಧನೆ, ನಡತೆಯ ಲೋಪ ಇವು ದೇವರನ್ನು ಮರೆಮಾಡುತ್ತವೆ.

ಪರಿಹಾರ: ಧರ್ಮಸಭೆ ನಾಸ್ತಿಕವಾದವನ್ನು ತಿರಸ್ಕರಿಸುತ್ತದೆ, ನಾಸ್ತಿಕರನ್ನಲ್ಲ. ಸರಿಯಾದ ಬೋಧನೆ, ಅದಕ್ಕೆ ತಕ್ಕ ಬಾಳು, ಪ್ರಾಮಾಣಿಕ ಸಂವಾದ ಮೂರೂ ಬೇಕು.

ಸಂವಾದದ ಹಾದಿ: ಪೋಪ್ ಆರನೇ ಪೌಲ್ ಅವರು 1965ರಲ್ಲಿ ಅವಿಶ್ವಾಸಿಗಳಿಗಾಗಿ ಕಾರ್ಯಾಲಯ ಸ್ಥಾಪಿಸಿದರು. ವಿಯೆನ್ನಾದ ಕಾರ್ಡಿನಲ್ ಫ್ರಾಂಜ್ ಕೋನಿಗ್ ಅದರ ಮೊದಲ ಅಧ್ಯಕ್ಷರು. 1993ರಲ್ಲಿ ಅದು ಸಂಸ್ಕೃತಿ ಪರಿಷತ್ತಿನೊಂದಿಗೆ ವಿಲೀನವಾಯಿತು. ಆ ಪರಿಷತ್ತು 2011ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ 'ಅನ್ಯಜನರ ಅಂಗಳ' ಎಂಬ ಸಂವಾದ ನಡೆಸಿತು. ಯೆಹೂದ್ಯರಲ್ಲದವರೂ ಬರಬಹುದಾಗಿದ್ದ ಜೆರುಸಲೇಮ್ ದೇವಾಲಯದ ಹೊರ ಅಂಗಳವೇ ಈ ಹೆಸರಿನ ಮೂಲ. 2022ರಿಂದ ಪರಿಷತ್ತಿನ ಹೊಣೆ ಸಂಸ್ಕೃತಿ ಮತ್ತು ಶಿಕ್ಷಣ ಇಲಾಖೆಗೆ ಸೇರಿದೆ.

ಧರ್ಮಕೇಂದ್ರಗಳಲ್ಲಿ: "ವಿಜ್ಞಾನವಿರುವಾಗ ದೇವರೇಕೆ?" ಎಂದು ಕೇಳುವ ಯುವಜನರ ಬಾಯಿ ಮುಚ್ಚಿಸಬೇಡಿ, ಉತ್ತರ ಸಿಗದವರು ಮೌನವಾಗಿ ದೂರ ಸರಿಯಬಹುದು. ಬಿಗ್ ಬ್ಯಾಂಗ್ ಸಿದ್ಧಾಂತಕ್ಕೆ ಬುನಾದಿ ಹಾಕಿದ ಬೆಲ್ಜಿಯಂನ ಜಾರ್ಜ್ ಲೆಮೇತ್ರ್ ಕಥೋಲಿಕ ಗುರುಗಳಾಗಿದ್ದರು. ಆದರೂ ಅದನ್ನು ದೇವರಿದ್ದಾರೆ ಎನ್ನಲು ಪುರಾವೆಯಾಗಿ ಬಳಸಲು ಅವರು ಒಪ್ಪಲಿಲ್ಲ. ವಿಜ್ಞಾನದ ಪ್ರಶ್ನೆಗೆ ವಿಜ್ಞಾನದಿಂದ, ಬಾಳಿನ ಅರ್ಥದ ಪ್ರಶ್ನೆಗೆ ವಿಶ್ವಾಸದಿಂದ ಉತ್ತರಿಸುವುದನ್ನು ಧರ್ಮೋಪದೇಶಕರು ಅವರಿಂದ ಕಲಿಯಬಹುದು.