ಬೆಂಗಳೂರು ಬುಲ್ಸ್ ತಂಡದ ಮುಖ್ಯ ರೈಡರ್

ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಲೀಗ್‌ನಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ ವೃತ್ತಿಪರ ಕಬಡ್ಡಿ ತಂಡವಾಗಿದೆ. 2014ರಲ್ಲಿ ಲೀಗ್ ಆರಂಭವಾದಾಗ ಇದ್ದ ಎಂಟು ತಂಡಗಳಲ್ಲಿ ಇದೂ ಒಂದು. ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣ ತಂಡದ ತವರು ಅಂಗಳ. ಎದುರಾಳಿಯ ಅಂಕಣಕ್ಕೆ ನುಗ್ಗಿ ಅಂಕ ತರುವ ಆಟಗಾರನನ್ನು ರೈಡರ್ ಎಂದೂ, ತಂಡದ ಹೆಚ್ಚಿನ ದಾಳಿಗಳನ್ನು ನಡೆಸುವವನನ್ನು ಮುಖ್ಯ ರೈಡರ್ ಎಂದೂ ಕರೆಯುತ್ತಾರೆ. ಆವೃತ್ತಿ ಮುಗಿದು ಮುಂದಿನ ಹರಾಜು ನಡೆಯುವವರೆಗಿನ ಬಿಡುವಿನ ಅವಧಿಯಲ್ಲಿ ಈ ಸ್ಥಾನವನ್ನು ಯಾರಿಂದ ತುಂಬಬೇಕು ಎಂಬುದು ಬುಲ್ಸ್ ತಂಡವನ್ನು ಹಲವು ಬಾರಿ ಕಾಡಿದ ಪ್ರಶ್ನೆ. 2018ರ ಹರಾಜಿನಲ್ಲಿ ದೊರೆತ ಉತ್ತರ ತಂಡಕ್ಕೆ ಅದರ ಏಕೈಕ ಪ್ರಶಸ್ತಿಯನ್ನು ತಂದಿತು. 2024ರ ಉತ್ತರ ತಂಡವನ್ನು ಅಂಕಪಟ್ಟಿಯ ಕೊನೆಯ ಸ್ಥಾನಕ್ಕೆ ಇಳಿಸಿತು.

ಸ್ಥಾನದ ಮಹತ್ವ

ಕಬಡ್ಡಿ ಪಂದ್ಯದಲ್ಲಿ ಪ್ರತಿ ತಂಡದಿಂದ ಏಳು ಆಟಗಾರರು ಅಂಕಣದಲ್ಲಿರುತ್ತಾರೆ. ತಲಾ 20 ನಿಮಿಷಗಳ ಎರಡು ಅವಧಿಗಳಲ್ಲಿ ಆಟ ನಡೆಯುತ್ತದೆ ಮತ್ತು ಒಂದು ರೈಡಿಗೆ 30 ಸೆಕೆಂಡುಗಳ ಮಿತಿ ಇದೆ. ಎರಡು ರೈಡುಗಳು ಸತತವಾಗಿ ಖಾಲಿ ಹೋದರೆ ಮೂರನೆಯದು 'ಡು ಆರ್ ಡೈ' ರೈಡ್ ಆಗುತ್ತದೆ. ಅದರಲ್ಲಿ ಅಂಕ ತರದ ರೈಡರ್ ಔಟ್ ಆಗುತ್ತಾನೆ. ಒಂದೇ ಪಂದ್ಯದಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ರೈಡ್ ಅಂಕ ಗಳಿಸುವುದನ್ನು 'ಸೂಪರ್ ಟೆನ್' ಎನ್ನುತ್ತಾರೆ.

ಈ ಸ್ಥಾನದ ನಿಜವಾದ ತೂಕ ತಿಳಿಯುವುದು ಔಟಾದವರು ಮರಳುವ ನಿಯಮದಿಂದ. ಔಟಾದ ಆಟಗಾರ ಹೊರಗೆ ಕುಳಿತಿರಬೇಕು. ಸಹ ಆಟಗಾರರು ಎದುರಾಳಿಯನ್ನು ಔಟ್ ಮಾಡಿದಾಗ, ಔಟಾದ ಕ್ರಮದಲ್ಲಿಯೇ, ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಬೋನಸ್ ಗೆರೆ ದಾಟಿ ತಂದ ಅಂಕದಿಂದ ಯಾರೂ ಮರಳುವುದಿಲ್ಲ. ಹೀಗಾಗಿ ಮುಖ್ಯ ರೈಡರ್ ಹೊರಗೆ ಕುಳಿತ ಪ್ರತಿ ನಿಮಿಷವೂ ತಂಡಕ್ಕೆ ನಷ್ಟ. ಅವನನ್ನು ಬೇಗ ಒಳಗೆ ಕರೆತರಬಲ್ಲ ಎರಡನೆಯ ರೈಡರ್ ಅಥವಾ ಗಟ್ಟಿಯಾದ ರಕ್ಷಣೆ ಇಲ್ಲದಿದ್ದರೆ ಎಂತಹ ದೊಡ್ಡ ಆಟಗಾರನಾದರೂ ಅರ್ಧ ಪಂದ್ಯವನ್ನು ಬೆಂಚಿನ ಮೇಲೆಯೇ ಕಳೆಯಬಹುದು. ಬುಲ್ಸ್ ತಂಡದ ಏಳುಬೀಳುಗಳನ್ನು ಅರಿಯಲು ಆಟಗಾರರ ಬೆಲೆಗಿಂತ ಈ ನಿಯಮವೇ ಹೆಚ್ಚು ನೆರವಾಗುತ್ತದೆ.

ಬಿಡುವಿನ ಅವಧಿಯ ಆಯ್ಕೆಗಳು

ಆವೃತ್ತಿ ಮುಗಿದ ನಂತರ ತಂಡಗಳಿಗೆ ಮುಖ್ಯವಾಗಿ ಮೂರು ದಾರಿಗಳಿರುತ್ತವೆ. ಮೊದಲನೆಯದು, ಇರುವ ರೈಡರ್‌ನನ್ನು ಉಳಿಸಿಕೊಳ್ಳುವುದು. ಎರಡನೆಯದು, ಅವನನ್ನು ಬಿಟ್ಟು ಹರಾಜಿನಲ್ಲಿ ಹೆಸರಾಂತ ಆಟಗಾರನನ್ನು ಕೊಳ್ಳುವುದು. ಮೂರನೆಯದು, 'ನ್ಯೂ ಯಂಗ್ ಪ್ಲೇಯರ್' ಯೋಜನೆಯಡಿ ಕಡಿಮೆ ವೆಚ್ಚದಲ್ಲಿ ಹೊಸಬರನ್ನು ತಂದು ಬೆಳೆಸುವುದು. ತಾನು ಬಿಟ್ಟ ಆಟಗಾರನಿಗೆ ಬೇರೆ ತಂಡ ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ಅವನನ್ನು ಮರಳಿ ಪಡೆಯಲು 'ಫೈನಲ್ ಬಿಡ್ ಮ್ಯಾಚ್' ಎಂಬ ಅವಕಾಶವೂ ಇದೆ. ತಂಡದ ಒಟ್ಟು ಖರ್ಚಿಗೆ ಮಿತಿ ಇರುವುದರಿಂದ ಒಬ್ಬನಿಗೆ ಹೆಚ್ಚು ಕೊಟ್ಟರೆ ಉಳಿದವರಿಗೆ ಕಡಿಮೆಯಾಗುತ್ತದೆ. 2022ರಲ್ಲಿ ಈ ಮಿತಿ 4.4 ಕೋಟಿ ರೂಪಾಯಿ ಇತ್ತು. 2023ರಲ್ಲಿ ಅದನ್ನು 5 ಕೋಟಿಗೆ ಏರಿಸಲಾಯಿತು.

ಆರಂಭದ ಆವೃತ್ತಿಗಳು

ಮೊದಲ ಎರಡು ಆವೃತ್ತಿಗಳಲ್ಲಿ ಹಿಮಾಚಲ ಪ್ರದೇಶದ ಅಜಯ್ ಠಾಕೂರ್ ದಾಳಿಯ ಮುಂಚೂಣಿಯಲ್ಲಿದ್ದರು. ಆಲ್‌ರೌಂಡರ್ ಮಂಜೀತ್ ಛಿಲ್ಲರ್ ರಕ್ಷಣೆಯನ್ನೂ ತಂಡವನ್ನೂ ಮುನ್ನಡೆಸಿದರು. 2015ರಲ್ಲಿ ತಂಡ ಮೊದಲ ಬಾರಿಗೆ ಫೈನಲ್ ತಲುಪಿ ಯು ಮುಂಬಾ ಎದುರು 30–36ರಿಂದ ಸೋತಿತು. ನಂತರ ಇಬ್ಬರೂ ತಂಡದಿಂದ ಹೊರನಡೆದರು.

ಆ ತೆರವನ್ನು ಸ್ವಲ್ಪ ಮಟ್ಟಿಗೆ ತುಂಬಿದವರು ರೋಹಿತ್ ಕುಮಾರ್. 2017ರ ಐದನೇ ಆವೃತ್ತಿಯಲ್ಲಿ ಯು.ಪಿ. ಯೋಧಾ ವಿರುದ್ಧದ ಒಂದೇ ಪಂದ್ಯದಲ್ಲಿ ಅವರು 30 ರೈಡ್ ಅಂಕ ಗಳಿಸಿದರು. ಆದರೂ ಆ ವರ್ಷ ತಂಡಕ್ಕೆ ಪ್ಲೇ ಆಫ್ ಕೈಗೆಟುಕಲಿಲ್ಲ. ಅದೇ ವರ್ಷ ತಂಡದ ತವರು ಪಂದ್ಯಗಳೂ ಬೆಂಗಳೂರಿನ ಬದಲು ನಾಗ್ಪುರದಲ್ಲಿ ನಡೆದವು.

ಪವನ್ ಶೆರಾವತ್ ಅವಧಿ (2018–2022)

ದೆಹಲಿಯ ಪವನ್ ಶೆರಾವತ್ 2016ರ ಮೂರನೇ ಆವೃತ್ತಿಯಲ್ಲಿ ಬುಲ್ಸ್ ತಂಡದ ಮೂಲಕವೇ ಲೀಗ್‌ಗೆ ಕಾಲಿಟ್ಟಿದ್ದರು. ಐದನೇ ಆವೃತ್ತಿಯಲ್ಲಿ ಗುಜರಾತ್ ಫಾರ್ಚೂನ್‌ಜೈಂಟ್ಸ್ ಸೇರಿದರೂ ಅಲ್ಲಿ ಅವರಿಗೆ ಹೆಚ್ಚು ಅವಕಾಶ ದೊರೆಯಲಿಲ್ಲ. 2018ರ ಹರಾಜಿನಲ್ಲಿ ಬುಲ್ಸ್ ಅವರನ್ನು 52.8 ಲಕ್ಷ ರೂಪಾಯಿಗೆ ಮರಳಿ ಪಡೆಯಿತು. ಲೀಗ್‌ನ ಇತಿಹಾಸದಲ್ಲಿ ಆಟಗಾರರ ಬೆಲೆ ಮೊದಲ ಬಾರಿಗೆ ಕೋಟಿಯ ಗಡಿ ದಾಟಿದ ಹರಾಜು ಅದು. ಹರಿಯಾಣ ಸ್ಟೀಲರ್ಸ್ ತಂಡವು ಮೋನು ಗೋಯತ್‌ಗೆ 1.51 ಕೋಟಿ ಕೊಟ್ಟಿತ್ತು. ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬೆಲೆಗೆ ಬಂದ ಪವನ್ ಆ ಆವೃತ್ತಿಯಲ್ಲಿ 271 ರೈಡ್ ಅಂಕ ಗಳಿಸಿ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು.

2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಎದುರಾಳಿ ಗುಜರಾತ್ ತಂಡವೇ ಆಗಿತ್ತು. ಮಧ್ಯಂತರದಲ್ಲಿ ಹಿಂದೆ ಬಿದ್ದಿದ್ದ ಬುಲ್ಸ್ 38–33ರಿಂದ ಗೆದ್ದಿತು. ತಂಡದ 38 ಅಂಕಗಳಲ್ಲಿ 22 ಪವನ್ ಒಬ್ಬರವೇ. ನಾಯಕ ರೋಹಿತ್ ಕುಮಾರ್ ಆ ದಿನ ಅಂಕ ಗಳಿಕೆಯಲ್ಲಿ ಹಿಂದುಳಿದರು. ಆದರೆ ಆವೃತ್ತಿಯುದ್ದಕ್ಕೂ ಎರಡನೆಯ ರೈಡರ್ ಆಗಿ ಅವರು ಹೊತ್ತ ಭಾರವನ್ನು ಮರೆತು ಪವನ್ ಯಶಸ್ಸನ್ನು ಅಳೆಯಲಾಗದು.

ಏಳನೇ ಆವೃತ್ತಿಯಲ್ಲಿ ಪವನ್ 346 ರೈಡ್ ಅಂಕ ಗಳಿಸಿದರು. 2019ರ ಅಕ್ಟೋಬರ್ 2ರಂದು ಪಂಚಕುಲಾದಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಅವರು ತಂದ 39 ರೈಡ್ ಅಂಕಗಳು ಒಂದೇ ಪಂದ್ಯದ ದಾಖಲೆಯಾಯಿತು. ಅಂದು ಬುಲ್ಸ್ 59–36ರಿಂದ ಗೆದ್ದಿತು. ಅಂದರೆ ಪವನ್ ಒಬ್ಬರ ರೈಡ್ ಅಂಕಗಳೇ ಎದುರಾಳಿ ತಂಡದ ಒಟ್ಟು ಮೊತ್ತವನ್ನು ಮೀರಿದ್ದವು. ಸೆಮಿಫೈನಲ್‌ನಲ್ಲಿ ಮಾತ್ರ ತಂಡ ದಬಾಂಗ್ ಡೆಲ್ಲಿಗೆ 38–44ರಿಂದ ಮಣಿಯಿತು. ಕೋವಿಡ್ ಕಾರಣದಿಂದ ಎಂಟನೇ ಆವೃತ್ತಿ ಪೂರ್ತಿಯಾಗಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು. ಪವನ್ ನಾಯಕರಾಗಿ 304 ರೈಡ್ ಅಂಕ ಗಳಿಸಿದರೂ ಸೆಮಿಫೈನಲ್‌ನಲ್ಲಿ ಮತ್ತೆ ದೆಹಲಿಯೇ 40–35ರಿಂದ ಬುಲ್ಸ್ ಹಾದಿಯನ್ನು ತಡೆಯಿತು. ಎರಡು ಬಾರಿಯೂ ಲೀಗ್‌ನ ಅತಿ ಹೆಚ್ಚು ಅಂಕ ಗಳಿಸಿದ ರೈಡರ್ ಬುಲ್ಸ್ ತಂಡದಲ್ಲೇ ಇದ್ದರು. ಎರಡು ಬಾರಿಯೂ ಅದು ಸಾಲಲಿಲ್ಲ.

2022ರ ಹರಾಜು ಮತ್ತು ಭರತ್

ಒಂಬತ್ತನೇ ಆವೃತ್ತಿಗೆ ಮುನ್ನ ಪವನ್ ಅವರನ್ನು ಬುಲ್ಸ್ ಉಳಿಸಿಕೊಳ್ಳಲಿಲ್ಲ. 2022ರ ಆಗಸ್ಟ್ ಹರಾಜಿನಲ್ಲಿ ತಮಿಳ್ ತಲೈವಾಸ್ ಅವರಿಗೆ 2.26 ಕೋಟಿ ರೂಪಾಯಿ ನೀಡಿತು. ಅದು ಒಂದು ತಂಡಕ್ಕೆ ಅನುಮತಿಸಿದ್ದ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು. ಅದೇ ಹರಾಜಿನಲ್ಲಿ ಬುಲ್ಸ್ 1.70 ಕೋಟಿಗೆ ಹರಿಯಾಣ ಸ್ಟೀಲರ್ಸ್‌ನ ವಿಕಾಸ್ ಖಂಡೋಲಾ ಅವರನ್ನು ಕೊಂಡಿತು. ಮುಖ್ಯ ರೈಡರ್ ಸ್ಥಾನಕ್ಕೆ ತಂಡದ ಲೆಕ್ಕಾಚಾರ ಅವರೇ ಆಗಿದ್ದರು ಎಂಬುದು ಬೆಲೆಯಿಂದಲೇ ಸ್ಪಷ್ಟ.

ಅಂಕಣದಲ್ಲಿ ನಡೆದದ್ದು ಬೇರೆ. ಹಿಂದಿನ ಆವೃತ್ತಿಯಲ್ಲಿ ಹೊಸಬರಾಗಿ ತಂಡ ಸೇರಿದ್ದ ಹರಿಯಾಣದ ಭರತ್ ಹೂಡಾ 279 ರೈಡ್ ಅಂಕ ಗಳಿಸಿದರು. ಆ ಆವೃತ್ತಿಯಲ್ಲಿ ಅವರಿಗಿಂತ ಮುಂದಿದ್ದವರು 296 ಅಂಕ ಗಳಿಸಿದ ಜೈಪುರದ ಅರ್ಜುನ್ ದೇಶ್ವಾಲ್ ಮಾತ್ರ. 1.70 ಕೋಟಿಯ ಆಟಗಾರ ಎರಡನೆಯ ರೈಡರ್ ಆದರು. ತಂಡ ಸೆಮಿಫೈನಲ್ ತಲುಪಿ ಜೈಪುರ ಪಿಂಕ್ ಪ್ಯಾಂಥರ್ಸ್ ಎದುರು 29–49ರಿಂದ ಸೋತಿತು.

ಪವನ್ ಹೋದ ತಂಡದಲ್ಲಿಯೂ ಹೆಚ್ಚುಕಡಿಮೆ ಇದೇ ಕತೆ. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರು ಇಡೀ ಆವೃತ್ತಿಯಿಂದ ಹೊರಗುಳಿದರು. ತಮಿಳ್ ತಲೈವಾಸ್ ಹೊಸಬ ನರೇಂದರ್ ಅವರ ದಾಳಿಯ ಬಲದಿಂದ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. 2023ರಲ್ಲಿ ತೆಲುಗು ಟೈಟನ್ಸ್ ಪವನ್‌ಗೆ ದಾಖಲೆಯ 2.605 ಕೋಟಿ ಕೊಟ್ಟಿತು. ಆದರೆ ಹತ್ತನೇ ಆವೃತ್ತಿಯಲ್ಲಿ ಆ ತಂಡ ಕೇವಲ 2 ಪಂದ್ಯ ಗೆದ್ದು ಕೊನೆಯ ಸ್ಥಾನದಲ್ಲಿ ಉಳಿಯಿತು.

ಹತ್ತನೇ ಆವೃತ್ತಿಯಲ್ಲಿ ಬುಲ್ಸ್‌ಗೂ ಪ್ಲೇ ಆಫ್ ಸಿಗಲಿಲ್ಲ. ಭರತ್ ಮತ್ತು ವಿಕಾಸ್ ಇಬ್ಬರೂ ತಂಡದಲ್ಲೇ ಇದ್ದರೂ ಹಿಂದಿನ ಲಯ ಮರಳಲಿಲ್ಲ.

2024: ಪ್ರದೀಪ್ ನರ್ವಾಲ್ ಮರಳಿಕೆ

2024ರ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ನಡೆದ ಹರಾಜಿನಲ್ಲಿ ಭರತ್ 1.30 ಕೋಟಿಗೆ ಯು.ಪಿ. ಯೋಧಾಸ್ ಪಾಲಾದರು. ಬುಲ್ಸ್ 1.107 ಕೋಟಿಗೆ ಅಜಿಂಕ್ಯ ಪವಾರ್ ಅವರನ್ನೂ 70 ಲಕ್ಷಕ್ಕೆ ಪ್ರದೀಪ್ ನರ್ವಾಲ್ ಅವರನ್ನೂ ಕೊಂಡಿತು. ಎರಡನೇ ಆವೃತ್ತಿಯಲ್ಲಿ ಬುಲ್ಸ್ ಮೂಲಕವೇ ಲೀಗ್ ಪ್ರವೇಶಿಸಿದ್ದ ಪ್ರದೀಪ್, ನಂತರ ಪಟ್ನಾ ಪೈರೇಟ್ಸ್ ಸತತ ಮೂರು ಪ್ರಶಸ್ತಿ ಗೆಲ್ಲುವಲ್ಲಿ ಪ್ರಮುಖ ಪಾತ್ರ ವಹಿಸಿದ್ದರು. ರಕ್ಷಣಾ ಆಟಗಾರರ ಸರಪಳಿಯ ಕೆಳಗೆ ಬಾಗಿ ನುಸುಳುವ 'ಡುಬ್ಕಿ' ಅವರ ಗುರುತಾಗಿತ್ತು. ಐದನೇ ಆವೃತ್ತಿಯಲ್ಲಿ ಅವರು ಗಳಿಸಿದ 369 ರೈಡ್ ಅಂಕಗಳು ಲೀಗ್ ದಾಖಲೆ. 2021ರಲ್ಲಿ 1.65 ಕೋಟಿ ಪಡೆದಿದ್ದ ಆಟಗಾರ 70 ಲಕ್ಷಕ್ಕೆ ದೊರೆತದ್ದು ಲಾಭದ ವ್ಯಾಪಾರದಂತೆ ಕಂಡರೂ, ವಯಸ್ಸು ಮತ್ತು ವೇಗದ ಬಗೆಗಿನ ಮಾರುಕಟ್ಟೆಯ ಅನುಮಾನ ಆ ಬೆಲೆಯಲ್ಲೇ ಅಡಗಿತ್ತು.

2024ರ ಅಕ್ಟೋಬರ್ 18ರಂದು ಹೈದರಾಬಾದ್‌ನಲ್ಲಿ ಹನ್ನೊಂದನೇ ಆವೃತ್ತಿಯ ಮೊದಲ ಪಂದ್ಯ ಬುಲ್ಸ್ ಮತ್ತು ತೆಲುಗು ಟೈಟನ್ಸ್ ನಡುವೆ ನಡೆಯಿತು. ಎದುರಾಳಿ ನಾಯಕ ಪವನ್ ಶೆರಾವತ್, ಬುಲ್ಸ್ ನಾಯಕ ಪ್ರದೀಪ್. ಟೈಟನ್ಸ್ 37–29ರಿಂದ ಗೆದ್ದಿತು. ಆವೃತ್ತಿಯ 22 ಪಂದ್ಯಗಳಲ್ಲಿ ಬುಲ್ಸ್ ಗೆದ್ದದ್ದು 2 ಮಾತ್ರ. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ಮುಂದಿನ ಹರಾಜಿನಲ್ಲಿ ಪ್ರದೀಪ್ ಅವರನ್ನು ಯಾವ ತಂಡವೂ ಕೊಳ್ಳಲಿಲ್ಲ. ಅದರ ಬೆನ್ನಲ್ಲೇ ಅವರು ನಿವೃತ್ತಿ ಘೋಷಿಸಿದರು.

2025: ರಕ್ಷಣೆಗೆ ಆದ್ಯತೆ

ಮೊದಲ ಆವೃತ್ತಿಯಿಂದಲೂ ತರಬೇತುದಾರರಾಗಿದ್ದ ರಣಧೀರ್ ಸಿಂಗ್ ಶೆರಾವತ್ ಅವರ ಸ್ಥಾನಕ್ಕೆ ಹನ್ನೆರಡನೇ ಆವೃತ್ತಿಗೆ ಮುನ್ನ ಬಿ.ಸಿ. ರಮೇಶ್ ಬಂದರು. ಕರ್ನಾಟಕದವರೇ ಆದ ರಮೇಶ್ ಅರ್ಜುನ ಪ್ರಶಸ್ತಿ ಪುರಸ್ಕೃತ ಆಟಗಾರ. ತರಬೇತುದಾರರಾಗಿ ಬೆಂಗಾಲ್ ವಾರಿಯರ್ಸ್‌ಗೆ ಏಳನೇ ಆವೃತ್ತಿಯಲ್ಲೂ ಪುಣೇರಿ ಪಲ್ಟನ್‌ಗೆ ಹತ್ತನೇ ಆವೃತ್ತಿಯಲ್ಲೂ ಪ್ರಶಸ್ತಿ ಗೆದ್ದುಕೊಟ್ಟವರು. ಪುಣೆಯಲ್ಲಿ ಅವರ ತಂಡದ ಬಲ ಯಾವ ಒಬ್ಬ ರೈಡರ್‌ನಲ್ಲೂ ಕೇಂದ್ರೀಕೃತವಾಗಿರಲಿಲ್ಲ.

2025ರ ಮೇ 31 ಮತ್ತು ಜೂನ್ 1ರಂದು ನಡೆದ ಹರಾಜಿನಲ್ಲಿ ಇದರ ಛಾಯೆ ಕಂಡಿತು. ಕೊನೆಯ ಸ್ಥಾನದಲ್ಲಿ ಮುಗಿಸಿದ ತಂಡವೊಂದು ದೊಡ್ಡ ರೈಡರ್‌ನ ಬೆನ್ನು ಹತ್ತುವುದು ವಾಡಿಕೆ. ಬುಲ್ಸ್ ಮಾತ್ರ 1.125 ಕೋಟಿ ರೂಪಾಯಿಯನ್ನು ರಕ್ಷಣಾ ಆಟಗಾರ ಯೋಗೇಶ್ ದಹಿಯಾ ಅವರಿಗೆ ವ್ಯಯಿಸಿತು. ಜೈಪುರದ ಕಾರ್ನರ್ ಆಟಗಾರ ಅಂಕುಶ್ ರಾಠಿ ಅವರನ್ನೂ ಸೇರಿಸಿಕೊಂಡಿತು. ದಾಳಿಗೆ ಆಕಾಶ್ ಶಿಂದೆ, ಆಶಿಶ್ ಮಲಿಕ್ ಮತ್ತು ಇರಾನಿನ ಆಲ್‌ರೌಂಡರ್ ಅಲಿರೇಜಾ ಮಿರ್ಜಾಯಾನ್ ಇದ್ದರು. ಇವರಲ್ಲಿ ಹರಾಜಿನ ದಿನ ಹೆಚ್ಚು ಸುದ್ದಿಯಾಗದ ಮಿರ್ಜಾಯಾನ್ ಅವರೇ ತಂಡದ ಮುಖ್ಯ ರೈಡರ್ ಆಗಿ ಹೊಮ್ಮಿದರು. ರಕ್ಷಣಾ ಪಡೆ ಟ್ಯಾಕಲ್‌ಗಳ ಮೂಲಕ ಅವರನ್ನು ಬೇಗನೆ ಅಂಕಣಕ್ಕೆ ಮರಳಿಸುತ್ತಿದ್ದುದು ಈ ಬೆಳವಣಿಗೆಗೆ ಮುಖ್ಯ ಕಾರಣ. ಸೋಲುಗಳಿಂದ ಆರಂಭಿಸಿದ ತಂಡ ಲೀಗ್ ಹಂತವನ್ನು ಮೂರನೆಯ ಸ್ಥಾನದಲ್ಲಿ ಮುಗಿಸಿ ಪ್ಲೇ ಆಫ್ ಪ್ರವೇಶಿಸಿತು, ಆದರೆ ಫೈನಲ್ ತಲುಪಲಿಲ್ಲ.

ಕರ್ನಾಟಕದ ರೈಡರ್‌ಗಳು

ಅಜಯ್ ಠಾಕೂರ್, ರೋಹಿತ್, ಪವನ್, ಭರತ್, ಪ್ರದೀಪ್, ಮಿರ್ಜಾಯಾನ್ – ಬುಲ್ಸ್‌ನ ಮುಖ್ಯ ರೈಡರ್‌ಗಳಲ್ಲಿ ಯಾರೂ ಕರ್ನಾಟಕದವರಲ್ಲ. ರಾಜ್ಯದಲ್ಲಿ ರೈಡರ್‌ಗಳ ಕೊರತೆ ಇತ್ತೆಂದು ಇದರ ಅರ್ಥವಲ್ಲ. ಕರಾವಳಿಯ ಸುಕೇಶ್ ಹೆಗ್ಡೆ ಐದನೇ ಆವೃತ್ತಿಯಲ್ಲಿ ಗುಜರಾತ್ ತಂಡವನ್ನು ನಾಯಕರಾಗಿ ಫೈನಲ್‌ಗೆ ಕೊಂಡೊಯ್ದರು. ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ 2018ರ ಹರಾಜಿನಲ್ಲಿ 79 ಲಕ್ಷಕ್ಕೆ ಯು.ಪಿ. ಯೋಧಾ ಸೇರಿದರು, ಅಂದರೆ ಅದೇ ವರ್ಷ ಬುಲ್ಸ್ ಪವನ್‌ಗೆ ಕೊಟ್ಟದ್ದಕ್ಕಿಂತ ಹೆಚ್ಚು ಬೆಲೆಗೆ. ಎಂಟನೇ ಆವೃತ್ತಿಯಲ್ಲಿ ಅವರ ನಾಯಕತ್ವದ ಪಟ್ನಾ ಪೈರೇಟ್ಸ್ ಫೈನಲ್‌ನಲ್ಲಿ ದಬಾಂಗ್ ಡೆಲ್ಲಿ ಎದುರು 36–37ರಿಂದ, ಒಂದೇ ಅಂಕದ ಅಂತರದಲ್ಲಿ ಸೋತಿತು. ಇಬ್ಬರೂ ತಮ್ಮ ಉತ್ತಮ ವರ್ಷಗಳನ್ನು ಬೇರೆ ರಾಜ್ಯಗಳ ತಂಡಗಳಲ್ಲಿ ಕಳೆದರು.

ಲೀಗ್‌ನ ಹರಾಜಿನಲ್ಲಿ ತವರು ರಾಜ್ಯದ ಆಟಗಾರರಿಗೆ ಆದ್ಯತೆ ನೀಡಬೇಕೆಂಬ ಕಡ್ಡಾಯವಿಲ್ಲ. ಹನ್ನೆರಡನೇ ಆವೃತ್ತಿಯಲ್ಲಿ ಕರ್ನಾಟಕದ ಗಣೇಶ ಹನಮಂತಗೋಳ ಬುಲ್ಸ್ ಪರ ರೈಡರ್ ಆಗಿ ಕಣಕ್ಕಿಳಿದರು. ಮಿರ್ಜಾಯಾನ್ ಅವರ ಹಿಂದೆ ಎರಡನೆಯ ಮತ್ತು ಮೂರನೆಯ ರೈಡರ್ ಸ್ಥಾನಗಳಿಗೆ ತಂಡವು ಆಕಾಶ್ ಮತ್ತು ಆಶಿಶ್ ಜೊತೆಗೆ ಅವರನ್ನೂ ಬಳಸಿಕೊಂಡಿತು.