ಮಲಕ್ಕಾ ನಗರದಲ್ಲಿ ವಿದೇಶೀಯರ ಸ್ಥಾನಮಾನ

ಪರದೇಶದ ಮಹಾನಗರವೊಂದರಲ್ಲಿ ನೆಲಸಿದವನ ರಕ್ಷಣೆಗೆ ಆಧಾರವಾವುದು? ಆತನು ಗಳಿಸಿದ ಐಶ್ವರ್ಯವೆ, ಸಲ್ಲಿಸಿದ ಸೇವೆಯೆ, ಅಥವಾ ಆ ನಾಡಿನ ಪ್ರಭುವಿನ ಅನುಗ್ರಹವೆ? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಒದಗಿಸುವ ಚಾರಿತ್ರಿಕ ನಿದರ್ಶನಗಳಲ್ಲಿ ಮಲಕ್ಕಾ ನಗರವು ಮುಖ್ಯವಾದುದು. ಮಲಯ ಪರ್ಯಾಯದ್ವೀಪದ ಪಶ್ಚಿಮ ತೀರದಲ್ಲಿ ಸುಮಾರು 1400ರಲ್ಲಿ ಪರಮೇಶ್ವರನೆಂಬ ರಾಜನಿಂದ ಸ್ಥಾಪಿತವಾದ ಈ ನಗರವು ಒಂದು ಶತಮಾನದೊಳಗಾಗಿ ಪೂರ್ವ ಸಮುದ್ರಗಳ ಪ್ರಧಾನ ವಾಣಿಜ್ಯ ಕೇಂದ್ರವಾಯಿತು. ಅದರ ಜನಸಂಖ್ಯೆಯನ್ನು ಪೋರ್ಚುಗೀಸ್ ವರದಿಗಳು ಒಂದು ಲಕ್ಷದವರೆಗೂ ಏರಿಸುತ್ತವೆ. ಈ ಅಂಕೆಯಲ್ಲಿ ಅತ್ಯುಕ್ತಿ ಇರಬಹುದಾದರೂ ನಗರವು ವಿಶಾಲವಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

1512ರಿಂದ 1515ರವರೆಗೆ ಅಲ್ಲಿ ವಾಸವಾಗಿದ್ದ ಪೋರ್ಚುಗೀಸ್ ಔಷಧ ವ್ಯಾಪಾರಿ ತೋಮೆ ಪಿರೆಸ್‌ನು ತನ್ನ ‘ಸೂಮಾ ಓರಿಯೆಂಟಲ್’ ಗ್ರಂಥದಲ್ಲಿ ಆ ರೇವಿನಲ್ಲಿ ಎಂಬತ್ತನಾಲ್ಕು ಭಾಷೆಗಳು ಕೇಳಿಬರುತ್ತಿದ್ದುವೆಂದು ಹೇಳಿದ್ದಾನೆ. ಆತನ ಪಟ್ಟಿಯಲ್ಲಿ ಅರಬ್ಬರು, ಪಾರಸೀಕರು, ಗುಜರಾತಿಗಳು, ಬಂಗಾಳದವರು, ಪೆಗುವಿನವರು, ಜಾವಾದವರು, ಚೀನೀಯರು ಇದ್ದಾರೆ. ಅವರೊಡನೆ ಗೋವೆಯವರೂ ದಖ್ಖನ್ ರಾಜ್ಯದವರೂ ಉಲ್ಲೇಖಿತರಾಗಿದ್ದಾರೆ. ಪಿರೆಸ್‌ನು ವಿಜೇತರ ಪಕ್ಷದವನೆಂಬುದನ್ನು ಮರೆಯಬಾರದು; ಆದರೂ ಸುಲ್ತಾನರ ಕಾಲದ ವ್ಯವಹಾರ ಪದ್ಧತಿಯನ್ನು ಆತನು ವಿವರವಾಗಿ ದಾಖಲಿಸಿರುವುದರಿಂದ ಆತನ ಗ್ರಂಥವು ನಮಗೆ ಅನಿವಾರ್ಯವಾದ ಆಕರವಾಗಿದೆ.

ವಿದೇಶೀಯರು ಇಲ್ಲಿ ತಂಗುವುದಕ್ಕೆ ಮಾರುತಗಳೇ ಮೂಲಕಾರಣ. ನೈಋತ್ಯ ಮಾರುತದ ಬಲದಿಂದ ಬಂದ ಭಾರತೀಯ ನೌಕೆಗಳು ಹಿಂದಿರುಗಲು ಈಶಾನ್ಯ ಮಾರುತಕ್ಕಾಗಿ ಕಾಯಬೇಕಾಗಿದ್ದಿತು. ಚೀನಾದ ನೌಕೆಗಳ ಸ್ಥಿತಿ ಇದಕ್ಕೆ ವಿಪರೀತ. ಹೀಗೆ ತಿಂಗಳುಗಟ್ಟಲೆ ಕಾಯುತ್ತಿದ್ದವರಲ್ಲಿ ಅನೇಕರು ಕ್ರಮೇಣ ಅಲ್ಲಿಯೇ ಮನೆಮಾಡಿದರು. ನಗರಕ್ಕೂ ಅವರ ಅಗತ್ಯವಿದ್ದಿತು. ಮಲಕ್ಕಾದ ನೆಲದಲ್ಲಿ ಬೆಳೆದ ಬತ್ತವು ಅಲ್ಲಿಯ ಜನಕ್ಕೆ ಸಾಲುತ್ತಿರಲಿಲ್ಲ. ಜಾವಾ, ಪೆಗು ಹಾಗೂ ಸಯಾಮ್ ದೇಶಗಳಿಂದ ಅಕ್ಕಿ ಬರಬೇಕಾಗಿದ್ದಿತು. ವರ್ತಕರು ಬಾರದಿದ್ದರೆ ಬೊಕ್ಕಸವೇ ಅಲ್ಲದೆ ಜನರ ಊಟದ ಎಲೆಯೂ ಬರಿದಾಗುತ್ತಿದ್ದಿತು.

ಈ ಪರಸ್ಪರ ಅವಲಂಬನೆಯಿಂದ ಒಂದು ವ್ಯವಸ್ಥೆಯು ರೂಪುಗೊಂಡಿತು. ವಿದೇಶೀಯರ ಮೇಲೆ ಷಾಬಂದರ್ ಎಂಬ ನಾಲ್ವರು ಅಧಿಕಾರಿಗಳಿದ್ದರು. ಒಬ್ಬನು ಗುಜರಾತಿಗಳಿಗೆ, ಇನ್ನೊಬ್ಬನು ಕೆಲಿಂಗರು, ಬಂಗಾಳದವರು, ಪೆಗು ಹಾಗೂ ಪಸೈ ರಾಜ್ಯಗಳವರಿಗೆ, ಮತ್ತೊಬ್ಬನು ಜಾವಾ ಮತ್ತು ಮಲುಕು ಮೊದಲಾದ ದ್ವೀಪಗಳವರಿಗೆ, ನಾಲ್ಕನೆಯವನು ಚೀನಾ, ರ್ಯೂಕ್ಯೂ ಹಾಗೂ ಚಂಪಾ ದೇಶದವರಿಗೆ. ಚೋಳಮಂಡಲ ತೀರದ ಜನರನ್ನು ಮಲಯರು ಕೆಲಿಂಗರೆಂದು ಕರೆಯುತ್ತಿದ್ದರು. ಇದು ಕಳಿಂಗ ಶಬ್ದದಿಂದ ಬಂದುದು. ನೌಕೆಯ ನಾಯಕನನ್ನು ಪ್ರಧಾನಾಧಿಕಾರಿಯಾದ ಬೆಂದಹಾರನ ಮುಂದೆ ಹಾಜರುಪಡಿಸುವುದು, ಸರಕಿಗೆ ಉಗ್ರಾಣವನ್ನೂ ಜನರಿಗೆ ಬಿಡಾರವನ್ನೂ ಕೊಡಿಸುವುದು, ಸಾಗಾಣಿಕೆಗೆ ಆನೆಗಳನ್ನು ಒದಗಿಸುವುದು ಷಾಬಂದರರ ಕರ್ತವ್ಯವಾಗಿದ್ದಿತು.

ಸುಂಕವೂ ನಿಯತವಾಗಿದ್ದಿತು. ಪಶ್ಚಿಮದಿಂದ ಬಂದವರು ನೂರಕ್ಕೆ 6ರಂತೆ ತೆರುತ್ತಿದ್ದರು. ನಗರದಲ್ಲಿ ನೆಲಸಿದವನಿಗೆ ಈ ದರವು ನೂರಕ್ಕೆ 3ಕ್ಕೆ ಇಳಿಯುತ್ತಿದ್ದಿತು. ಪೂರ್ವದಿಂದ ಬಂದವರು ಸುಂಕಕ್ಕೆ ಬದಲಾಗಿ ಕಾಣಿಕೆಯನ್ನು ಒಪ್ಪಿಸುತ್ತಿದ್ದರು. ಹತ್ತಿಪ್ಪತ್ತು ಮಂದಿ ವರ್ತಕರು ಸೇರಿ ನೌಕೆಯ ಸರಕಿಗೆ ಬೆಲೆಕಟ್ಟಿ ತಮ್ಮೊಳಗೆ ಹಂಚಿಕೊಳ್ಳುವ ಪದ್ಧತಿಯಿದ್ದುದರಿಂದ, ಭಾಷೆಯನ್ನರಿಯದ ಹೊಸಬನೂ ಬೇಗನೆ ವ್ಯವಹಾರವನ್ನು ಮುಗಿಸಬಹುದಾಗಿದ್ದಿತು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ವಿದೇಶೀಯನು ಪ್ರಭುತ್ವದೊಡನೆ ತನ್ನ ಸಮುದಾಯದ ಮುಖಂಡರ ಮೂಲಕವೇ ವ್ಯವಹರಿಸುತ್ತಿದ್ದನು. ಆತನಿಗೆ ಸಲ್ಲುತ್ತಿದ್ದ ಸೌಲಭ್ಯಗಳೆಲ್ಲವೂ ಆ ಮುಖಂಡರ ಪ್ರಭಾವವನ್ನು ಅವಲಂಬಿಸಿದ್ದುವು. ಆ ಮುಖಂಡರ ಪ್ರಭಾವವಾದರೋ ಆಳುವವನ ಮನಸ್ಸನ್ನು ಅವಲಂಬಿಸಿದ್ದಿತು. ಆಳುವವನೇ ಬದಲಾದಾಗ ಈ ಸರಪಳಿಯ ದೌರ್ಬಲ್ಯವು ಪ್ರಕಟವಾಯಿತು.

1509ರಲ್ಲಿ ಮಲಕ್ಕಾಕ್ಕೆ ಬಂದ ಮೊದಲ ಪೋರ್ಚುಗೀಸ್ ನೌಕಾದಳದ ಕೆಲವರನ್ನು ಸುಲ್ತಾನ್ ಮಹಮೂದನು ಸೆರೆಯಲ್ಲಿರಿಸಿದನು. ಅವರಿಗೆ ಗುಟ್ಟಾಗಿ ನೆರವಾದವನು ನೀನ ಚಾಟು ಎಂದು ಪೋರ್ಚುಗೀಸರು ಕರೆದಿರುವ ಹಿಂದೂ ಕೆಲಿಂಗ ವರ್ತಕ. ಸೆರೆಯಾಳುಗಳಲ್ಲಿ ಒಬ್ಬನಾದ ರೂಯಿ ದ ಅರೌಜೊ 1510ರಲ್ಲಿ ಸೆರೆಯಿಂದಲೇ ಬರೆದ ಪತ್ರವು ಈ ಉಪಕಾರವನ್ನು ಸ್ಮರಿಸುತ್ತದೆ. ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡಿದ್ದ ಆಲ್ಬುಕರ್ಕನು 1511ರ ಆಗಸ್ಟಿನಲ್ಲಿ ಮಲಕ್ಕಾವನ್ನೂ ಗೆದ್ದನು. ವಿದೇಶೀಯ ಸಮುದಾಯಗಳ ಗತಿಯು ಆ ಕೂಡಲೆ ಬೇರೆಬೇರೆಯಾಯಿತು. ಗುಜರಾತಿ ವರ್ತಕರು ತಮ್ಮ ಸ್ಥಾನವನ್ನು ಕಳೆದುಕೊಂಡು ಇತರ ರೇವುಗಳತ್ತ ಸರಿದರು. ಉಪೆ ಎಂಬ ಭಾಗದಲ್ಲಿ ಪ್ರಬಲನಾಗಿದ್ದ ಜಾವಾದ ವೃದ್ಧ ಮುಖಂಡ ಉತಿಮುತರಾಜನು, ಒಳಸಂಚಿನ ಆರೋಪದ ಮೇಲೆ ಕೆಲವೇ ತಿಂಗಳಲ್ಲಿ ಕುಟುಂಬದ ಗಂಡಸರೊಡನೆ ಮರಣದಂಡನೆಗೆ ಗುರಿಯಾದನು. ನೀನ ಚಾಟುವಿಗಾದರೋ ಬೆಂದಹಾರ ಪದವಿಯೇ ಲಭಿಸಿತು.

ಆ ಭಾಗ್ಯವು ಸ್ಥಿರವಾಗಿರಲಿಲ್ಲ. 1514ರಲ್ಲಿ ಪೋರ್ಚುಗೀಸರು ಆ ಪದವಿಯನ್ನು ಕಂಪಾರ್ ರಾಜ್ಯದ ದೊರೆ ಅಬ್ದುಲ್ಲನಿಗೆ ಕೊಡಲು ನಿಶ್ಚಯಿಸಿದರು. ಈ ಅಪಮಾನವನ್ನು ಸಹಿಸಲಾರದೆ ನೀನ ಚಾಟು ಚಿತೆಯನ್ನು ಸಿದ್ಧಪಡಿಸಿ ಅಗ್ನಿಪ್ರವೇಶ ಮಾಡಿದನೆಂದು ಪೋರ್ಚುಗೀಸ್ ಇತಿಹಾಸಕಾರರು ಬರೆದಿದ್ದಾರೆ. ಪದವಿಯನ್ನು ಪಡೆದ ಅಬ್ದುಲ್ಲನು ಕೂಡ ಮರುವರ್ಷವೇ ದ್ರೋಹದ ಸಂಶಯಕ್ಕೆ ಸಿಕ್ಕಿ ಕೊಲ್ಲಲ್ಪಟ್ಟನು.

ಇಷ್ಟರಿಂದ ಕೆಲವು ಅಂಶಗಳು ಸಿದ್ಧವಾಗುತ್ತವೆ. ಮಲಕ್ಕಾ ನಗರವು ವಿದೇಶೀಯರ ವಿಷಯದಲ್ಲಿ ಉದಾರವಾಗಿದ್ದಿತು. ಅವರ ಧರ್ಮ, ಭಾಷೆ, ಆಚಾರಗಳನ್ನು ಸುಲ್ತಾನರು ಬಹುಮಟ್ಟಿಗೆ ಅವರ ಪಾಡಿಗೆ ಬಿಟ್ಟಿದ್ದರು. ಆದರೆ ಈ ಔದಾರ್ಯದ ಮೂಲವು ಪ್ರಯೋಜನದಲ್ಲಿದ್ದಿತು. ವಿದೇಶೀಯ ವರ್ತಕನು ನಗರಕ್ಕೆ ಅನಿವಾರ್ಯನಾಗಿದ್ದನು. ಹಾಗಿದ್ದರೂ ಆ ಅನಿವಾರ್ಯತೆಯು ಎಂದೂ ಹಕ್ಕಾಗಿ ಪರಿಣಮಿಸಲಿಲ್ಲ. ಉತಿಮುತರಾಜನ ಐಶ್ವರ್ಯವಾಗಲಿ ನೀನ ಚಾಟುವಿನ ಸೇವೆಯಾಗಲಿ ಅವರನ್ನು ಉಳಿಸಲಿಲ್ಲ. ಮಲಕ್ಕಾದ ಪತನವನ್ನು ಎರಡು ರಾಜಶಕ್ತಿಗಳ ಸಂಘರ್ಷವೆಂದಷ್ಟೇ ಗ್ರಹಿಸುವ ವಿದ್ಯಾರ್ಥಿಯು ಆ ನಗರದ ಬಹುಸಂಖ್ಯಾತ ಪರದೇಶೀಯರ ಪಾಲಿಗೆ ಅದು ಏನಾಗಿದ್ದಿತೆಂಬುದನ್ನೂ ಪರಿಶೀಲಿಸುವುದು ಯುಕ್ತವಾದುದು.